ಮಾತ್ಸುಎಯ ಇಂಗ್ಲಿಷ್ ಮೇಷ್ಟ್ರು

ಪರದೇಶಕ್ಕೆ ಪಾಠ ಹೇಳಲು ಹೋದ ಮೇಷ್ಟ್ರು ಅಲ್ಲೇ ನೆಲೆಯೂರಿದರೆ ಅದರ ಕೀರ್ತಿಯನ್ನೆಲ್ಲ ನಾವು ಅವರ ಹೊಂದಿಕೊಳ್ಳುವ ಗುಣಕ್ಕೇ ಕೊಟ್ಟುಬಿಡುತ್ತೇವೆ. ಜಪಾನಿನಲ್ಲಿ ಹದಿನಾಲ್ಕು ವರ್ಷ ಬಾಳಿ ಅಲ್ಲಿಯೇ ಮಣ್ಣಾದ ಲಾಫ್ಕಾಡಿಯೊ ಹರ್ನ್‌ನ ಕಥೆಯನ್ನೂ ಹೀಗೆಯೇ ಹೇಳುವುದು ರೂಢಿ. ಅವನ ಬದುಕಿನ ವಿವರಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಕಾಣುವುದೇ ಬೇರೆ. ಹರ್ನ್‌ನನ್ನು ನಿಲ್ಲಿಸಿಕೊಂಡದ್ದು ಆ ನೆಲದ ಕೆಲವೇ ಕೆಲವು ಜನ. ಅವರ ಆಸರೆ ಇದ್ದಲ್ಲಿ ಅವನಿಗೆ ನೆಲೆ ಸಿಕ್ಕಿತು. ಇಲ್ಲದಲ್ಲಿ ಅದೇ ಮನುಷ್ಯ, ಅದೇ ದೇಶದಲ್ಲಿ, ಅದೇ ಪಾಠ ಹೇಳುತ್ತ ಒಣಗಿಹೋದ.

1890ರ ಏಪ್ರಿಲ್‌ನಲ್ಲಿ ಯೊಕೊಹಾಮಕ್ಕೆ ಬಂದಿಳಿದಾಗ ಅವನು ಮೇಷ್ಟ್ರೇ ಅಲ್ಲ, ಅಮೆರಿಕದ ಪತ್ರಿಕೆಯೊಂದಕ್ಕೆ ಬರೆಯಲು ಬಂದವನು. ಪ್ರಕಾಶಕರೊಡನೆ ಮುನಿದು ಆ ನಂಟನ್ನು ಕಡಿದುಕೊಂಡ ಮೇಲೆ ಹೊಟ್ಟೆಪಾಡಿಗೆ ಕೆಲಸ ಬೇಕಾಯಿತು. ಟೋಕಿಯೊದಲ್ಲಿದ್ದ ವಿದ್ವಾಂಸ ಬೇಸಿಲ್ ಹಾಲ್ ಚೇಂಬರ್ಲೇನ್, ನ್ಯೂ ಆರ್ಲಿಯನ್ಸ್‌ನ ವಸ್ತುಪ್ರದರ್ಶನದಲ್ಲಿ ಪರಿಚಯವಾಗಿದ್ದ ಅಧಿಕಾರಿ ಹತ್ತೊರಿ ಇಚಿಜೊ, ಇವರಿಬ್ಬರ ಮಾತಿನಿಂದ ಮಾತ್ಸುಎಯ ಶಾಲೆಯಲ್ಲಿ ತಿಂಗಳಿಗೆ 100 ಯೆನ್‌ನ ಇಂಗ್ಲಿಷ್ ಅಧ್ಯಾಪಕನಾದ. ಆಗ ಪರದೇಶಿಗಳು ಒಪ್ಪಂದದ ಬಂದರುಪಟ್ಟಣಗಳ ಆಚೆ ಇರಬೇಕಾದರೆ ಪರವಾನಗಿ ಬೇಕಿತ್ತು. ಹಾಗಾಗಿ ಶಿಂಜಿ ಸರೋವರದ ದಡದ ಆ ಊರಿನಲ್ಲಿ ತನ್ನವರ ಕ್ಲಬ್ಬು, ತನ್ನವರ ಬೀದಿ ಎಂಬುದು ಅವನಿಗಿರಲಿಲ್ಲ. ಅವನ ಕೈಹಿಡಿದವನು ಸಹೋದ್ಯೋಗಿ ನಿಶಿದಾ ಸೆನ್ತಾರೊ. ಇಂಗ್ಲಿಷ್ ಬಲ್ಲ ಈ ಶಿಕ್ಷಕ ಅವನಿಗೆ ದುಭಾಷಿಯೂ ಆದ, ಊರಿನ ರೀತಿನೀತಿ ತಿಳಿಸುವ ಗೆಳೆಯನೂ ಆದ. ಮೊದಲ ಚಳಿಗಾಲದಲ್ಲಿ ಹರ್ನ್ ಹಾಸಿಗೆ ಹಿಡಿದ. ಬಡತನಕ್ಕೆ ಬಿದ್ದ ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವನ ಮನೆಗೆಲಸ ನೋಡಿಕೊಳ್ಳಲು ಬಂದು, ಮುಂದೆ ಅವನ ಹೆಂಡತಿಯಾದಳು.

ಕೈತುಂಬ ಸಂಬಳವಿದ್ದರೆ ಯಾರಿಗಾದರೂ ಎಲ್ಲಿಯಾದರೂ ನೆಲೆ ಸಿಕ್ಕೀತು ಎಂದು ವಾದಿಸಬಹುದು. ಈ ವಾದಕ್ಕೆ ಕುಮಾಮೊತೊ ಉತ್ತರ ಕೊಡುತ್ತದೆ. 1891ರ ನವೆಂಬರ್‌ನಲ್ಲಿ ಹರ್ನ್ ಅಲ್ಲಿನ ಐದನೆಯ ಉನ್ನತ ಶಾಲೆಗೆ ಹೋದಾಗ ಸಂಬಳ 200 ಯೆನ್, ಅಂದರೆ ಸರಿಯಾಗಿ ಎರಡು ಪಟ್ಟು. ಜೂಡೊ ವಿದ್ಯೆಯನ್ನು ರೂಪಿಸಿದ ಕಾನೊ ಜಿಗೊರೊ ಅಲ್ಲಿ ಮುಖ್ಯಸ್ಥ. ಆದರೂ 1877ರ ದಂಗೆಯಲ್ಲಿ ಸುಟ್ಟು ಮತ್ತೆ ಎದ್ದಿದ್ದ ಆ ದಂಡಿನ ಊರು ಅವನಿಗೆ ಹಿಡಿಸಲಿಲ್ಲ. ಅಧ್ಯಾಪಕರ ಕೋಣೆಯಲ್ಲಿ ಮಾತಿಗೆ ಜನವಿಲ್ಲ, ನಿಶಿದಾನಂಥ ಒಬ್ಬನೂ ಇಲ್ಲ. ಹಾಗಾದರೆ ಸೆತ್ಸು ಜೊತೆಗಿದ್ದಳಲ್ಲ, ಜನರ ಆಸರೆ ಎಂಬ ಮಾತು ಇಲ್ಲಿ ಬಿದ್ದುಹೋಗದೆ? ಈ ಆಕ್ಷೇಪ ಗಟ್ಟಿಯಾದದ್ದು, ಆದರೆ ಅದು ಮಾತನ್ನು ಬೀಳಿಸದೆ ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಮೇಷ್ಟ್ರಿಗೆ ಎರಡು ಬೇರು: ಒಂದು ಮನೆ, ಇನ್ನೊಂದು ಶಾಲೆ. ಕುಮಾಮೊತೊದಲ್ಲಿ ಮನೆಯ ಬೇರು ಆಳಕ್ಕಿಳಿಯಿತು. ಸೆತ್ಸುವನ್ನು ಸಾಕಿದ ಹಿರಿಯರೂ ಅದೇ ಸೂರಿನಡಿ ಇದ್ದರು, 1893ರಲ್ಲಿ ಮೊದಲ ಮಗ ಹುಟ್ಟಿದ. ಶಾಲೆಯ ಬೇರು ಮಾತ್ರ ಹಿಡಿಯಲಿಲ್ಲ. ಅದಕ್ಕೆ ತಕ್ಕಂತೆಯೇ 1894ರಲ್ಲಿ ಅವನು ಪಾಠ ಬಿಟ್ಟು ಕೋಬೆಯ ಪತ್ರಿಕೆಗೆ ಸೇರಿದ, ದೇಶವನ್ನು ಬಿಡಲಿಲ್ಲ.

ಮನೆಯ ಈ ಹಿಡಿತ ಎಷ್ಟಿತ್ತೆಂದರೆ 1896ರಲ್ಲಿ ಅವನು ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರು ಪಡೆದ. ತನ್ನ ನಂತರ ಹೆಂಡತಿ ಮಕ್ಕಳಿಗೆ ಆಸ್ತಿಯ ಹಕ್ಕು ತಪ್ಪದಿರಲಿ ಎಂಬುದೇ ಇದಕ್ಕೆ ಮುಖ್ಯ ಕಾರಣ. ಹೆಂಡತಿಯ ಮನೆತನದ ಹೆಸರು ಹೊತ್ತು, ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನೆ ಅಳಿಯನಾದ. ಅದೇ ವರ್ಷ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ಶುರುವಾಯಿತು. ವಿದ್ಯಾರ್ಥಿಗಳು ಉಳಿಸಿಕೊಳ್ಳಲು ಹೋರಾಡಿದರೂ 1903ರಲ್ಲಿ ಆ ಕೆಲಸ ಹೋಯಿತು. ಅದು ಪರದೇಶಿ ಅಧ್ಯಾಪಕರ ಜಾಗಕ್ಕೆ ಜಪಾನಿನವರನ್ನೇ ತರುತ್ತಿದ್ದ ಕಾಲ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವನು ತೀರಿಕೊಂಡ.

ಅವನ ಜಾಗಕ್ಕೆ ಬಂದವನು ನಾತ್ಸುಮೆ ಸೊಸೆಕಿ. ಕುಮಾಮೊತೊದ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಸರ್ಕಾರದ ವೇತನದ ಮೇಲೆ 1900ರಲ್ಲಿ ಲಂಡನ್ನಿಗೆ ಹೋಗಿದ್ದವನು. ಭಾಷೆ ಬಂದರೆ ನೆಲೆ ಸಿಗುತ್ತದೆ ಎನ್ನುವವರು ಇವರಿಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸೊಸೆಕಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೂ ಬಾಡಿಗೆ ಕೋಣೆಯಿಂದ ಕೋಣೆಗೆ ಅಲೆದು, ಪುಸ್ತಕಗಳ ನಡುವೆ ಒಂಟಿಯಾಗಿ ಕುಗ್ಗಿ, ಆ ಎರಡು ವರ್ಷ ತನ್ನ ಬಾಳಿನಲ್ಲೇ ಅತ್ಯಂತ ಅಹಿತಕರವಾದದ್ದೆಂದು ಮುಂದೆ ಬರೆದ. ಹರ್ನ್‌ಗೆ ಜಪಾನಿ ಭಾಷೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ. ಮನೆಯಲ್ಲಿ ಗಂಡಹೆಂಡತಿ ವ್ಯಾಕರಣದ ಗೊಡವೆಯಿಲ್ಲದ ತಮ್ಮದೇ ಒಂದು ಜಪಾನಿ ಕಟ್ಟಿಕೊಂಡಿದ್ದರು. ಅವನ ಹೆಸರನ್ನು ಮಾತ್ಸುಎಯವರು ಹೆರುನ್ ಎಂದು ಕರೆಯುತ್ತಿದ್ದರಿಂದ ಅದಕ್ಕೆ ‘ಹೆರುನ್ ಸಾನ್ ಮಾತು’ ಎಂದೇ ಹೆಸರು. ಸೆತ್ಸು ಹಳೆಯ ಕಥೆಗಳನ್ನು ಹೇಳಿದ್ದೂ ಆ ಮಾತಿನಲ್ಲೇ. 1904ರ ‘ಕ್ವೈದಾನ್’ ಸಂಕಲನದ ಹಿಂದೆ ಅವಳ ದನಿಯಿದೆ. ಅವಳು ಇಂಗ್ಲಿಷ್ ಕಲಿಯಲು ಇಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕಗಳೂ ಉಳಿದಿವೆ. ಗಂಡನ ಬಾಯಿಂದ ಬಂದ ಪದಗಳನ್ನು ಕಿವಿಗೆ ಕೇಳಿದ ಹಾಗೆಯೇ, ತನ್ನ ಲಿಪಿಯಲ್ಲಿ, ಅವಳು ಅವುಗಳಲ್ಲಿ ಬರೆದಿಟ್ಟಿದ್ದಾಳೆ.