ಮಾತು ನಿಂತ ಮೇಲೂ ಹಾಡು

ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ವರ್ಷವರ್ಷವೂ ಹೋಗುತ್ತೇವೆ. ಆ ಹೆಸರಿನ ಹಿಂದೊಂದು ಪಾರ್ಶ್ವವಾಯುವಿನ ಕಥೆಯಿದೆ. ಕುಂದಗೋಳದ ರಾಮಭಾವು ಅವರ ಕಛೇರಿಗಳು 1940ರ ದಶಕದ ಆರಂಭದಲ್ಲಿ ಬಹುಮಟ್ಟಿಗೆ ನಿಂತದ್ದು ಅದರಿಂದಲೇ. 1952ರಲ್ಲಿ ಅವರು ತೀರಿಕೊಂಡರು. ಮರುವರ್ಷ ಉತ್ಸವ ಶುರುವಾಯಿತು.

ಪಾರ್ಶ್ವವಾಯು ಕೆಲವರ ಮಾತನ್ನೂ ಕಸಿಯುತ್ತದೆ. ಬುದ್ಧಿ ಇರುತ್ತದೆ, ಪದ ಸಿಗುವುದಿಲ್ಲ. ಇದೇ ಅಫೇಸಿಯಾ. ಹೀಗೆ ಮಾತು ಹೋದವರೊಬ್ಬರು ಪ್ರಾರ್ಥನಾಗೀತೆ ಹಾಡಬಲ್ಲರೆಂದು ಸ್ವೀಡನ್ನಿನ ಓಲೋಫ್ ಡಾಲಿನ್ 1745ರಲ್ಲೇ ಬರೆದಿದ್ದರು. ಮಾತಿನ ನೆಲೆ ಹೆಚ್ಚಿನವರಲ್ಲಿ ಎಡಮಿದುಳು; ಹಾಡುವಾಗ ಬಲಮಿದುಳೂ ದುಡಿಯುತ್ತದೆ. 1973ರಲ್ಲಿ ಬಾಸ್ಟನ್ನಿನ ತಜ್ಞರು ಇದನ್ನೇ ಚಿಕಿತ್ಸೆಯಾಗಿಸಿದರು. 2009ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆಯವರದೇ ಗಾಯನವೃಂದ ಹುಟ್ಟಿತು.

ಹಾಡಿದ ಮಾತ್ರಕ್ಕೆ ಮಾತು ಮರಳುವುದಿಲ್ಲ. ಆದರೆ ನಾಲ್ಕು ಜನರ ದನಿಯಲ್ಲಿ ದನಿ ಸೇರಿಸುವಾಗ ತಪ್ಪುವ ಭಯ ಕಡಿಮೆ. ಕೈಹಿಡಿಯುವುದು ಎಳವೆಯಿಂದ ಬಾಯಿಪಾಠವಾದ ಹಾಡು. ಮಗನ ಮನೆಯೆಂದು ಪುಣೆಗೆ ಬಂದ ಧಾರವಾಡದ ತಾಯಿಗೆ ಅಭಂಗಕ್ಕಿಂತ ದಾಸರ ಪದವೇ ಹತ್ತಿರ. ಅದನ್ನು ಇಲ್ಲಿನ ಚಿಕಿತ್ಸಕರಿಗೆ ಹೇಳಬೇಕಾದವರು ನಾವು. ಅಮ್ಮ ಗುನುಗುವ ಹಾಡು ಯಾವುದು? ಈಗಲೇ ಕೇಳಿಟ್ಟುಕೊಳ್ಳೋಣ.