ಕುಂಚದ ಓಟ, ಸೀಸದ ಮೊಳೆ

ಕುಂಚಕ್ಕೂ ಅಚ್ಚುಮೊಳೆಗೂ ಸ್ವಭಾವತಃ ಹೊಂದಾಣಿಕೆ ಕಡಿಮೆ. ಕುಂಚದಿಂದ ಬರೆದ ಅಕ್ಷರ ಎರಡನೆಯ ಸಲ ಹಾಗೆಯೇ ಮೂಡುವುದಿಲ್ಲ. ಅಚ್ಚುಮೊಳೆಯಾದರೋ ಸಾವಿರ ಸಲ ಒತ್ತಿದರೂ ಅದೇ ರೂಪ. ಇವೆರಡನ್ನೂ ಒಂದುಗೂಡಿಸಲು ಯತ್ನಿಸಿದವರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕೋಫಾನ್ ಪ್ರಮುಖರು.

1910ರಲ್ಲಿ ಮಾರ್ಸೇಲ್ ನಗರದಲ್ಲಿ ಜನಿಸಿದ ಇವರು ಓದಿದ್ದು ಕಾನೂನು, ಒಲಿದದ್ದು ಚಿತ್ರಕಲೆಗೆ. ಎರಡನೆಯ ಮಹಾಯುದ್ಧದ ನಂತರ ಅದೇ ನಗರದ ಒಲಿವ್ ಎಂಬ ಮೊಳೆ ಎರಕದ ಸಂಸ್ಥೆಗಾಗಿ ಅಕ್ಷರಗಳನ್ನು ರೂಪಿಸಿದರು. 1953ರ ‘ಮಿಸ್ತ್ರಾಲ್’ ಅವರದೇ ಕೈಬರಹವನ್ನು ಆಧರಿಸಿದ್ದು. ದಕ್ಷಿಣ ಫ್ರಾನ್ಸಿನಲ್ಲಿ ರಭಸದಿಂದ ಬೀಸುವ ಗಾಳಿಯ ಹೆಸರು ಅದಕ್ಕೆ. 1955ರ ‘ಶಾಕ್’ ಇನ್ನೂ ದಪ್ಪ. ಶಾಯಿ ತುಂಬಿದ ಕುಂಚವನ್ನು ಒತ್ತಿ ಎಳೆದಂತಹ ಬರಹ. ಹೆಸರಿನ ಅರ್ಥವೇ ಆಘಾತ.

ಮೊಳೆಯೆಂದರೆ ಲೋಹದ ಒಂದು ಆಯತಾಕಾರದ ತುಂಡು. ಮಿಸ್ತ್ರಾಲಿನ ಸಣ್ಣಕ್ಷರಗಳಲ್ಲಿ ಒಂದರ ಬಾಲ ಮೊಳೆಯ ಬಲ ಅಂಚಿನಲ್ಲಿ ಎಲ್ಲಿ ಮುಗಿಯುತ್ತದೆಯೋ, ಮುಂದಿನದರ ಗೆರೆ ಅದೇ ಎತ್ತರದಿಂದ ಹೊರಡಬೇಕು. ಯಾವುದರ ಪಕ್ಕ ಯಾವುದು ಬಂದರೂ ಈ ಬೆಸುಗೆ ತಪ್ಪಬಾರದು. ಗೆರೆಯ ಅಂಚನ್ನು ಬೇಕೆಂದೇ ಒರಟಾಗಿ ಬಿಟ್ಟಿರುವುದರಿಂದ ಬರೆದ ಕೈಯ ವೇಗವೂ ಕಾಣುತ್ತದೆ.

ಇಂತಹ ಅಕ್ಷರಗಳಿಗೆ ತಕ್ಕ ಜಾಗ ಅಂಗಡಿಯ ಹೆಸರು, ಭಿತ್ತಿಪತ್ರ, ಜಾಹೀರಾತಿನ ಒಂದೆರಡು ಪದ. ಪುಟಗಟ್ಟಲೆ ಬರಹಕ್ಕೆ ಇವು ಸಲ್ಲವು. ದಪ್ಪ ಗೆರೆಗಳ ನಡುವಿನ ತೆರಪು ಕಿರಿದು. ಚಿಕ್ಕದಾಗಿ ಅಚ್ಚಾದರೆ ಮುಚ್ಚಿಹೋಗುತ್ತದೆ. ಮೇಲಾಗಿ ಉದ್ದ ಬರಹದಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬಂದಾಗ ಎಲ್ಲವೂ ತದ್ರೂಪವಾಗಿದ್ದು, ಇದು ಕೈಬರಹವಲ್ಲವೆಂಬ ಗುಟ್ಟು ರಟ್ಟಾಗುತ್ತದೆ. ಒಂದೆರಡು ಪದಗಳಲ್ಲಿ ಮಾತ್ರ ಆ ಮಾಯೆ ಉಳಿಯುತ್ತದೆ.

ಮುಂದೆ ಮಿಸ್ತ್ರಾಲ್ 1990ರ ದಶಕದಲ್ಲಿ ಮೈಕ್ರೋಸಾಫ್ಟ್ ಆಫೀಸ್ ಮೂಲಕ ಗಣಕಗಳನ್ನೂ ಸೇರಿತು. 2011ರ ‘ಡ್ರೈವ್’ ಎಂಬ ಆಂಗ್ಲ ಚಲನಚಿತ್ರದ ಶೀರ್ಷಿಕೆಯಲ್ಲಿಯೂ ಅದೇ ಅಕ್ಷರ.

ಆದರೆ ಕುಂಚವನ್ನು ಅನುಕರಿಸುವ ಅಚ್ಚು ಸುಲಭವಾಗಿ ದೊರೆತಾಗ ಕುಂಚ ಹಿಡಿದವನ ಗತಿಯೇನು? ನಮ್ಮ ಊರುಗಳಲ್ಲಿಯೂ ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುತ್ತಿದ್ದ ಅನೇಕರು ಕೆಲಸ ಕಳೆದುಕೊಂಡರು. ಕನ್ನಡದ ಬೋರ್ಡು ಬರೆಯುವುದು ಸಾಮಾನ್ಯ ವಿದ್ಯೆಯಲ್ಲ. ಲ್ಯಾಟಿನ್ ಅಕ್ಷರಗಳು ಅಕ್ಕಪಕ್ಕ ಕೈಹಿಡಿದರೆ ಸಾಕು. ನಮ್ಮಲ್ಲಿ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ. ‘ಅಣ್ಣಮ್ಮ’ ಎಂದು ಬರೆಯುವ ಪೇಂಟರು ಎರಡು ಒತ್ತುಗಳು ಒಂದಕ್ಕೊಂದು ತಾಗದಂತೆ, ಹಲಗೆಯ ಅಳತೆ ನೋಡಿ, ಒಂದನ್ನು ಕೊಂಚ ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸುತ್ತಿದ್ದರು. ಆ ನಿರ್ಧಾರ ಅವರ ಕಣ್ಣಿನದು, ಆ ಹೊತ್ತಿನದು.

ಎಕ್ಸ್‌ಕೋಫಾನ್ 1983ರಲ್ಲಿ ತೀರಿಕೊಂಡರು. ಕೈಯ ಓಟವನ್ನು ಲೋಹದಲ್ಲಿ ಹಿಡಿದ ಅವರ ಪ್ರತಿಭೆ ದೊಡ್ಡದು. ಆದರೂ ಅವರು ಹಿಡಿದಿಟ್ಟದ್ದು ಒಂದು ಕೈಯ ಒಂದು ಬಗೆಯ ಬರಹವನ್ನು ಮಾತ್ರ. ನಮ್ಮ ಬೀದಿಗಳ ನೂರಾರು ಕೈಗಳ ಬರಹವನ್ನು ಹಳೆಯ ಬೋರ್ಡುಗಳು ಅಳಿಯುವ ಮುನ್ನ ಫೋಟೋ ತೆಗೆದಾದರೂ ಉಳಿಸಿಕೊಂಡರೆ, ಮುಂದೆ ಕನ್ನಡದ ಕುಂಚಾಕ್ಷರಗಳನ್ನು ರೂಪಿಸುವವರಿಗೆ ಅವೇ ಪಾಠವಾದಾವು.