ನಿಂತ ಬಿರುಗಾಳಿಯ ಜಾಡು

ಹವಾಮಾನ ವರದಿಯ ವೇಳೆ ಕಿರುತೆರೆಯಲ್ಲಿ ಮೂಡುವ ಉಪಗ್ರಹ ಚಿತ್ರ ನಿಮಗೆ ಚಿರಪರಿಚಿತ. ಬಿಳಿ ಮೋಡದ ಚಕ್ರ, ನಡುವೆ ಒಂದು ಕಪ್ಪು ಚುಕ್ಕೆ. ಅದರ ಬಲವೆಷ್ಟು, ಎತ್ತ ಹೊರಟಿದೆ ಎಂದು ತಿಳಿದರೆ ಸಾಕೆಂದು ನಾವು ಭಾವಿಸುತ್ತೇವೆ. ಅದು ಒಂದೆಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಅಷ್ಟೇ ಮುಖ್ಯವೆಂದು ತೋರಿಸಿಕೊಟ್ಟದ್ದು 1998ರ ಅಕ್ಟೋಬರ್‌ನಲ್ಲಿ ಮಧ್ಯ ಅಮೆರಿಕದ ಮೇಲೆರಗಿದ 'ಮಿಚ್'. ನಮ್ಮ ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎನ್ನುವುದಕ್ಕೇ ಅತ್ತ ಹರಿಕೇನ್ ಎಂದು ಹೆಸರು.

ಮೋಡದ ಆಕಾರ ನೋಡಿಯೇ ಗಾಳಿಯ ಬಲ ಅಂದಾಜು ಮಾಡುವ ವಿಧಾನವನ್ನು ವರ್ನನ್ ಡ್ವೊರಾಕ್ ಎಂಬ ಅಮೆರಿಕದ ಹವಾಮಾನ ತಜ್ಞರು 1970ರ ದಶಕದಲ್ಲಿ ರೂಪಿಸಿದರು. ಅದಕ್ಕೂ ಹಿಂದೆ, 1943ರಲ್ಲಿ, ಜೋಸೆಫ್ ಡಕ್‌ವರ್ತ್ ಎಂಬ ಸೇನಾ ವೈಮಾನಿಕರು ಟೆಕ್ಸಾಸ್ ತೀರದಲ್ಲಿ ಒಂದೇ ಎಂಜಿನ್ನಿನ ತರಬೇತಿ ವಿಮಾನವನ್ನು ಬೇಕೆಂದೇ ಹರಿಕೇನ್ ಒಳಗೆ ನುಗ್ಗಿಸಿದ್ದರು. ಮುಂದೆ ಅದೇ ಒಂದು ವೃತ್ತಿಯಾಯಿತು. ವಿಮಾನ ಚಂಡಮಾರುತದ ಕಣ್ಣಿನವರೆಗೂ ಹೋಗಿ ಉಪಕರಣಗಳನ್ನು ಕೆಳಗೆ ಬಿಡುತ್ತದೆ. ಅವು ಬೀಳುತ್ತಲೇ ಗಾಳಿ, ಒತ್ತಡ, ತೇವಾಂಶಗಳನ್ನು ಹೇಳುತ್ತವೆ.

ಅಕ್ಟೋಬರ್ 26ರಂದು ಮಿಚ್‌ನ ಕೇಂದ್ರದ ಒತ್ತಡ 905 ಮಿಲಿಬಾರ್‌ಗೆ ಕುಸಿಯಿತು. ಗಾಳಿಯ ವೇಗ ಗಂಟೆಗೆ ಸುಮಾರು 285 ಕಿ.ಮೀ. ಐದು ದರ್ಜೆಗಳ ಅಳತೆಯಲ್ಲಿ ಅದು ಐದನೆಯದು. ಬಲದ ಲೆಕ್ಕ ಸಿಕ್ಕಿತು. ತೊಡಕಾದದ್ದು ದಾರಿಯ ಲೆಕ್ಕ. ಹೊಳೆಯ ಹರಿವಿನೊಡನೆ ಸುಳಿಯೂ ಸಾಗುವಂತೆ, ಸುತ್ತಲ ಗಾಳಿಯ ಪ್ರವಾಹವೇ ಹರಿಕೇನನ್ನು ಒಯ್ಯುತ್ತದೆ. ಆ ಪ್ರವಾಹ ಸೊರಗಿದರೆ ಸುಳಿ ಎತ್ತ ಹೋದೀತೆಂದು ಹೇಳುವುದು ಕಷ್ಟ. ಮಿಚ್ ವಾಯವ್ಯಕ್ಕೆ ತಿರುಗಬಹುದೆಂಬ ಮುನ್ಸೂಚನೆ ಮತ್ತೆ ಮತ್ತೆ ಹೊರಟಿತು. ಅದು ದಕ್ಷಿಣಕ್ಕೆ ಜಾರಿತು.

ಇದರ ಬೆಲೆ ತೆತ್ತವರಲ್ಲಿ 'ಫ್ಯಾಂಟಮ್' ಎಂಬ ನಾಲ್ಕು ಕಂಬಗಳ ಹಾಯಿಹಡಗಿನ ನಾವಿಕರೂ ಇದ್ದರು. ಪ್ರಯಾಣಿಕರನ್ನು ಬೆಲೀಜ್‌ನಲ್ಲಿ ಇಳಿಸಿ, ಹಡಗು ಹೊಂಡುರಾಸ್‌ನ ರೊಆಟಾನ್ ದ್ವೀಪದ ಮರೆಗೆ ಬಂದಿತು. ಹರಿಕೇನ್ ಅತ್ತಲೇ ಬಂದಿತು. 27ರಂದು ಸಂಪರ್ಕ ಕಡಿಯಿತು. ಹಡಗಿನಲ್ಲಿದ್ದ 31 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಆಮೇಲೆ ಮಿಚ್ ಹೊಂಡುರಾಸ್‌ನ ಉತ್ತರ ತೀರದ ಬಳಿ ಒಂದು ದಿನಕ್ಕೂ ಮಿಕ್ಕಿ ಅಲೆದಾಡಿತು. 29ರ ಬೆಳಿಗ್ಗೆ ದಡ ಮುಟ್ಟುವಾಗ ಒತ್ತಡ 987ಕ್ಕೆ ಏರಿತ್ತು. ಗಾಳಿ 160 ಕಿ.ಮೀ.ಯ ಆಸುಪಾಸಿಗೆ ಇಳಿದಿತ್ತು. ಪಟ್ಟಿಯಲ್ಲಿ ದರ್ಜೆ ಇಳಿಯುತ್ತ ಹೋದರೆ ನೋಡುವವರಿಗೆ ಸಮಾಧಾನ. ನಮ್ಮ ಮಾಧ್ಯಮದವರ ಕಣ್ಣಿಗೂ ಮುರಿದು ಬೀಳುವ ಮರ ಕಂಡಷ್ಟು ಸುರಿಯುತ್ತಲೇ ಇರುವ ಮಳೆ ಕಾಣುವುದಿಲ್ಲ. ಆದರೆ ಆ ದರ್ಜೆ ಗಾಳಿಗೆ ಕೊಟ್ಟದ್ದು, ಮಳೆಗಲ್ಲ! ಭಾರಿ ಮಳೆಯ ಎಚ್ಚರಿಕೆಯೇನೋ ಹೊರಟಿತ್ತು. ಕುಂಟುತ್ತ ಸಾಗಿದ ಮಿಚ್ ಸಮುದ್ರದ ತೇವವನ್ನು ಎಳೆತಂದು ದಿನಗಟ್ಟಲೆ ಅದೇ ಬೆಟ್ಟಸಾಲಿನ ಮೇಲೆ ಸುರಿಸಿತು.

ರಾಜಧಾನಿ ತೆಗುಸಿಗಾಲ್ಪಾದಲ್ಲಿ ಚೋಲುತೇಕಾ ನದಿ ಉಕ್ಕಿ ನಗರದೊಳಕ್ಕೆ ಬಂದಿತು. ನೆರೆಯ ನಿಕರಾಗುವಾದಲ್ಲಿ ಕಸೀತಾ ಎಂಬ ಹಳೆಯ ಜ್ವಾಲಾಮುಖಿಯಿದೆ. ಹರಿಕೇನ್ ದಡ ಮುಟ್ಟಿದ ಜಾಗದಿಂದ 300 ಕಿ.ಮೀ.ಗೂ ದೂರ, ಮಿಚ್‌ನ ಕಣ್ಣು ಅತ್ತ ಸುಳಿಯಲೇ ಇಲ್ಲ. ಅಕ್ಟೋಬರ್ 30ರಂದು, ನೀರು ಕುಡಿದು ಸಡಿಲಗೊಂಡ ಅದರ ಪಾರ್ಶ್ವ ಕುಸಿದು ಕೆಸರಿನ ಹೊಳೆಯಾಗಿ ಹರಿಯಿತು. ಜ್ವಾಲಾಮುಖಿ ಸಿಡಿದಿರಲಿಲ್ಲ, ಅದು ಕೇವಲ ಮಳೆಯ ಕೆಲಸ. ಎರಡು ಊರುಗಳು ಹೂತುಹೋದವು, ಸುಮಾರು 2,000 ಜನ ಸತ್ತರು. ಒಟ್ಟು ಸಾವು ಹತ್ತು ಸಾವಿರ ದಾಟಿತೆಂದು ಅಂದಾಜು.

ನಿಮಗೆ ಇನ್ನೊಂದು ದಿನಾಂಕ ನೆನಪಿರಬಹುದು. ಮಿಚ್ ದಡ ಮುಟ್ಟಿ ಸರಿಯಾಗಿ ವರ್ಷ ತುಂಬಿದಂದು, 1999ರ ಅಕ್ಟೋಬರ್ 29ರಂದು, ಒಡಿಶಾದ ಪಾರಾದೀಪ್ ಬಳಿ ಮಹಾ ಚಂಡಮಾರುತ ಅಪ್ಪಳಿಸಿತು. ಅಲ್ಲಿ ಹೆಚ್ಚು ಜೀವ ತೆಗೆದದ್ದು ಉಬ್ಬಿ ಬಂದ ಕಡಲು. ಆದರೆ ಆ ಚಂಡಮಾರುತವೂ ದಡಕ್ಕೆ ಬಂದಮೇಲೆ ಒಳನಾಡಿಗೆ ಸಾಗದೆ ಕರಾವಳಿಯ ಬಳಿಯೇ ಉಳಿಯಿತು, ಬೈತರಣಿ ನದಿ ದಡ ಮೀರುವಷ್ಟು ಮಳೆ ಸುರಿಸಿತು.